ಓದುಗರ ಪ್ರಶ್ನೆ, ನಮ್ಮ ಉತ್ತರ: ಅಜ್ಜಿಯ ಹೊಲಿಗೆ ಯಂತ್ರಕ್ಕೆ ಅಂದು ತೆತ್ತ ಬೆಲೆ

ಮನೆಬಳಕೆಯ ಹಳೆಯ ಹೊಲಿಗೆ ಯಂತ್ರಗಳ ಬೆಲೆಯ ಬಗ್ಗೆ ಬೆಂಗಳೂರಿನ ಹಲವು ಬಡಾವಣೆಗಳಿಂದ ಪತ್ರಗಳು ಬಂದಿವೆ. ಅಂದು ಎಷ್ಟಿತ್ತು, ಅದು ಇಂದಿನ ಎಷ್ಟಕ್ಕೆ ಸಮ, ಈಗ ಮಾರಿದರೆ ಎಷ್ಟು ಸಿಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಬಹುತೇಕ ಓದುಗರು ಒಂದೇ ಉಸಿರಿನಲ್ಲಿ ಕೇಳಿದ್ದಾರೆ. ಈ ಮೂರಕ್ಕೂ ಉತ್ತರ ಬೇರೆ ಬೇರೆ. ಅವನ್ನು ಬೆರೆಸಿಕೊಂಡದ್ದರಿಂದಲೇ ಕೆಲವರು ಅನಗತ್ಯ ಆಸೆಗೂ ಇನ್ನು ಕೆಲವರು ಅನಗತ್ಯ ನಿರಾಸೆಗೂ ಒಳಗಾಗಿರುವುದು ಪತ್ರಗಳಲ್ಲಿ ಕಾಣುತ್ತದೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮುತ್ತಜ್ಜ 1912ರಲ್ಲಿ ಮುತ್ತಜ್ಜಿಗೆ ಒಂದು ಸಿಂಗರ್ ಕೈಮಿಷನ್ ಕೊಡಿಸಿದ್ದರಂತೆ. ಎಪ್ಪತ್ತೈದು ರೂಪಾಯಿ ಕೊಟ್ಟರೆಂದು ಮನೆಯಲ್ಲಿ ಹೇಳುತ್ತಾ ಬಂದಿದ್ದಾರೆ. ಅಂದಿನ ಎಪ್ಪತ್ತೈದು ರೂಪಾಯಿ ಎಂದರೆ ಇಂದಿನ ಎಷ್ಟು? (ಓದುಗರು, ಮಲ್ಲೇಶ್ವರ)

ಉತ್ತರ: ಹಳೆಯ ರೂಪಾಯಿಯನ್ನು ಇಂದಿನ ರೂಪಾಯಿಗೆ ತರಲು ಒಂದೇ ಅಳತೆಗೋಲು ಇಲ್ಲ. ಯಾವ ಗೋಲಿನಿಂದ ಅಳೆಯುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ನಿಮ್ಮ ಎಪ್ಪತ್ತೈದು ರೂಪಾಯಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ.

1898ರಿಂದ 1917ರವರೆಗೆ ಒಂದು ರೂಪಾಯಿಗೆ ಒಂದು ಶಿಲಿಂಗ್ ನಾಲ್ಕು ಪೆನ್ಸ್ ಎಂಬ ದರವಿತ್ತು (ಬ್ರಿಟನ್ನಿನ ಹಣದಲ್ಲಿ ಹನ್ನೆರಡು ಪೆನ್ಸಿಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್). ಅಂದರೆ ಹದಿನೈದು ರೂಪಾಯಿಗೆ ಒಂದು ಪೌಂಡ್, ಒಂದು ಪೌಂಡಿಗೆ ಒಂದು ಸವರನ್ ಚಿನ್ನದ ನಾಣ್ಯ. ನಮ್ಮ ಚಿನ್ನದಂಗಡಿಗಳಲ್ಲಿ ಇಂದಿಗೂ ಎಂಟು ಗ್ರಾಮಿಗೆ ‘ಸವರನ್’ ಎನ್ನುವುದು ಆ ನಾಣ್ಯದ ನೆನಪಿನಿಂದಲೇ. ಆ ದರದಲ್ಲಿ ನಿಮ್ಮ ಮುತ್ತಜ್ಜ ತೆತ್ತದ್ದು ಐದು ಸವರನ್, ಅಂದರೆ ಸುಮಾರು 36.6 ಗ್ರಾಂ ಅಪ್ಪಟ ಚಿನ್ನ. ಇದನ್ನು ಇಂದಿನ ದರದಿಂದ ಗುಣಿಸಿದರೆ ಮೊತ್ತ ಲಕ್ಷಗಳಲ್ಲಿ ಬರುತ್ತದೆ.

ಅದೇ ಎಪ್ಪತ್ತೈದು ರೂಪಾಯಿಯನ್ನು ಬೆಳ್ಳಿಯಿಂದ ಅಳೆದು ನೋಡಿ. ಅಂದಿನ ರೂಪಾಯಿ ನಾಣ್ಯ ಒಂದು ತೊಲ, ಎಂದರೆ 11.66 ಗ್ರಾಂ ತೂಗುತ್ತಿತ್ತು. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ ಇರುತ್ತಿತ್ತು. ಎಪ್ಪತ್ತೈದು ನಾಣ್ಯಗಳಲ್ಲಿ ಸುಮಾರು 800 ಗ್ರಾಂ ಬೆಳ್ಳಿ ಆಯಿತು. ಬೆಳ್ಳಿಯ ಇಂದಿನ ದರದಿಂದ ಗುಣಿಸಿದರೆ ಬರುವ ಮೊತ್ತ ಚಿನ್ನದ ಲೆಕ್ಕಕ್ಕಿಂತ ಬಹಳ ಕಡಿಮೆ. ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಟ್ಟ ಒಂದೇ ಹಣಕ್ಕೆ ಹೀಗೆ ಎರಡು ಉತ್ತರಗಳು ಬರುವಾಗ ಎರಡನ್ನೂ ಪೂರ್ತಿ ನಂಬುವುದು ಸರಿಯಲ್ಲ. ಈ ನೂರು ವರ್ಷಗಳಲ್ಲಿ ಚಿನ್ನ ಎಷ್ಟು ಏರಿತು, ಬೆಳ್ಳಿ ಎಷ್ಟು ಏರಿತು ಎಂಬುದನ್ನಷ್ಟೇ ಅವು ಹೇಳುತ್ತವೆ.

ನನ್ನ ಮಟ್ಟಿಗೆ ಹೆಚ್ಚು ನ್ಯಾಯವಾದ ಅಳತೆ ಸಂಬಳ. ನಿಮ್ಮ ಮುತ್ತಜ್ಜ ಸರ್ಕಾರಿ ನೌಕರಿಯಲ್ಲಿದ್ದಿದ್ದರೆ ಅವರ ಸೇವಾ ಪುಸ್ತಕ, ವ್ಯಾಪಾರದಲ್ಲಿದ್ದಿದ್ದರೆ ಅವರ ಖಾತೆ ಪುಸ್ತಕ, ಜಮೀನಿದ್ದಿದ್ದರೆ ಕಂದಾಯದ ರಸೀದಿ ಮನೆಯ ಹಳೆಯ ಟ್ರಂಕಿನಲ್ಲಿ ಎಲ್ಲಾದರೂ ಇರಬಹುದು, ಹುಡುಕಿ ನೋಡಿ. ಅವರ ಎಷ್ಟು ತಿಂಗಳ ದುಡಿಮೆ ಆ ಯಂತ್ರಕ್ಕೆ ಹೋಯಿತು ಎಂದು ತಿಳಿದರೆ, ಅದನ್ನು ಮನೆಗೆ ತರುವುದು ಎಷ್ಟು ದೊಡ್ಡ ನಿರ್ಧಾರವಾಗಿತ್ತು ಎಂಬುದು ಯಾವ ಚಿನ್ನದ ಲೆಕ್ಕಕ್ಕಿಂತಲೂ ಸ್ಪಷ್ಟವಾಗುತ್ತದೆ.

ಪ್ರಶ್ನೆ: ನಾನು ಉಡುಪು ವಿನ್ಯಾಸದ ವಿದ್ಯಾರ್ಥಿನಿ. ಹೊಲಿಗೆ ಯಂತ್ರ ಹುಟ್ಟಿದ ಕಾಲದಲ್ಲಿ ಅದರ ಬೆಲೆ ಎಷ್ಟಿತ್ತು? ಅಷ್ಟು ದುಬಾರಿಯಾಗಿದ್ದದ್ದು ಬಡವರ ಮನೆಗೂ ಬಂದದ್ದು ಹೇಗೆ? (ಓದುಗರು, ಜಯನಗರ)

ಉತ್ತರ: ಎಲಿಯಾಸ್ ಹೋ ಎಂಬ ಅಮೆರಿಕದ ಕುಶಲಕರ್ಮಿ 1845ರಲ್ಲಿ ಬಾಸ್ಟನ್ ನಗರದ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ತನ್ನ ಯಂತ್ರವನ್ನು ಐವರು ಹೊಲಿಗೆಯ ಹೆಂಗಸರ ಎದುರು ಪಂದ್ಯಕ್ಕಿಟ್ಟು ಗೆದ್ದ. ಆ ಯಂತ್ರ ನಿಮಿಷಕ್ಕೆ ಸುಮಾರು 250 ಹೊಲಿಗೆ ಹಾಕುತ್ತಿತ್ತು. ಆದರೂ ಯಾರೂ ಕೊಳ್ಳಲಿಲ್ಲ, ಏಕೆಂದರೆ ಹೇಳಿದ ಬೆಲೆ 300 ಡಾಲರ್. ಒಂದಕ್ಕಿಂತ ಹೆಚ್ಚು ಯಂತ್ರ ಬೇಕಾಗುವ ಅಂಗಡಿಯವನಿಗೆ ಅಷ್ಟು ಬಂಡವಾಳ ಹೂಡುವುದು ಆಗದ ಮಾತಾಗಿತ್ತು. 1846ರಲ್ಲಿ ಆತನಿಗೆ ಪೇಟೆಂಟ್ ಸಿಕ್ಕಿತು, ಗಿರಾಕಿ ಸಿಗಲಿಲ್ಲ.

1851ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ಆ ದಶಕದಲ್ಲಿ ಸಿಂಗರ್ ಯಂತ್ರಗಳು 100ರಿಂದ 125 ಡಾಲರಿಗೆ ಮಾರಾಟವಾಗುತ್ತಿದ್ದವು. ಆಗ ಅಮೆರಿಕದ ಸಾಮಾನ್ಯ ಕುಟುಂಬವೊಂದರ ವಾರ್ಷಿಕ ಆದಾಯ ಸುಮಾರು 500 ಡಾಲರ್. ಅಂದರೆ ಯಂತ್ರ ಬೇಕೆನ್ನುವ ಮನೆಯವರು ವರ್ಷದ ದುಡಿಮೆಯ ಐದರಲ್ಲೊಂದು ಅಥವಾ ನಾಲ್ಕರಲ್ಲೊಂದು ಪಾಲನ್ನು ಒಂದೇ ವಸ್ತುವಿಗೆ ಸುರಿಯಬೇಕಿತ್ತು. ಆಗಿನ ವಿನಿಮಯ ದರದಲ್ಲಿ 100 ಡಾಲರ್ ಎಂದರೆ ಸುಮಾರು 200 ರೂಪಾಯಿ.

ಇಷ್ಟು ಬೆಲೆ ಏಕೆ ಎಂಬುದಕ್ಕೆ ಎರಡು ಕಾರಣಗಳಿವೆ. ಒಂದು ಕಾರ್ಖಾನೆಯ ಒಳಗಿನದು, ಇನ್ನೊಂದು ನ್ಯಾಯಾಲಯದ್ದು. ಅಂದಿನ ಸಿಂಗರ್ ಕಾರ್ಖಾನೆಯಲ್ಲಿ ಒಂದು ಯಂತ್ರದ ಬಿಡಿಭಾಗ ಇನ್ನೊಂದಕ್ಕೆ ನೇರವಾಗಿ ಕೂರುತ್ತಿರಲಿಲ್ಲ. ನುರಿತ ಕೆಲಸಗಾರರು ಒಂದೊಂದು ಭಾಗವನ್ನೂ ಅರದಿಂದ ಉಜ್ಜಿ ಉಜ್ಜಿ ಹೊಂದಿಸಬೇಕಾಗಿತ್ತು. ಒಂದರ ಬಿಡಿಭಾಗ ಮತ್ತೊಂದಕ್ಕೆ ಹಾಗೆಯೇ ಹೊಂದುವ ಪದ್ಧತಿ ಅಮೆರಿಕದ ಬಂದೂಕು ಕಾರ್ಖಾನೆಗಳಿಂದ ಬಂದದ್ದು. ವೀಲರ್ ಅಂಡ್ ವಿಲ್ಸನ್, ವಿಲ್ಕಾಕ್ಸ್ ಅಂಡ್ ಗಿಬ್ಸ್ ಕಂಪನಿಗಳು ಅದನ್ನು ಬೇಗ ಅಳವಡಿಸಿಕೊಂಡವು, ಸಿಂಗರ್ ತಡವಾಗಿ ಅತ್ತ ಹೊರಳಿತು. ಒಂದೇ ದಾರದಿಂದ ಸರಪಳಿ ಹೊಲಿಗೆ ಹಾಕುವ ವಿಲ್ಕಾಕ್ಸ್ ಅಂಡ್ ಗಿಬ್ಸ್ ಯಂತ್ರ ಬೇರೆಯವರ ಬೆಲೆಯ ಅರ್ಧಕ್ಕೆ, ಸುಮಾರು 50 ಡಾಲರಿಗೆ ಸಿಗುತ್ತಿತ್ತು.

ನ್ಯಾಯಾಲಯದ ಕಥೆ ಇನ್ನೂ ಮುಖ್ಯ. ಸೂಜಿಯ ತುದಿಯಲ್ಲಿ ಕಣ್ಣು, ಕೆಳಗಿನ ದಾರವನ್ನು ಒಯ್ಯುವ ಶಟಲ್, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲು ಹೀಗೆ ಒಂದು ಒಳ್ಳೆಯ ಯಂತ್ರಕ್ಕೆ ಬೇಕಾದ ಅಂಶಗಳ ಪೇಟೆಂಟುಗಳು ಬೇರೆ ಬೇರೆಯವರ ಕೈಯಲ್ಲಿದ್ದವು. ಎಲ್ಲರೂ ಎಲ್ಲರ ಮೇಲೂ ದಾವೆ ಹೂಡಿದ್ದರು. ಕೊನೆಗೆ 1856ರಲ್ಲಿ ಸಿಂಗರ್, ವೀಲರ್ ಅಂಡ್ ವಿಲ್ಸನ್, ಗ್ರೋವರ್ ಅಂಡ್ ಬೇಕರ್ ಎಂಬ ಮೂರು ಕಂಪನಿಗಳೂ ಹೋ ಎಂಬಾತನೂ ಸೇರಿ ತಮ್ಮ ಪೇಟೆಂಟುಗಳನ್ನು ಒಂದೇ ಕಡೆ ಇಟ್ಟು ಒಕ್ಕೂಟ ಮಾಡಿಕೊಂಡರು. ಅಲ್ಲಿಂದ ಮುಂದೆ ಯಾರು ಯಂತ್ರ ತಯಾರಿಸಿದರೂ ಒಂದೊಂದಕ್ಕೆ 15 ಡಾಲರ್ ಕಟ್ಟಬೇಕಾಯಿತು. ಅದರಲ್ಲಿ ಹೋಗೆ ಅಮೆರಿಕದಲ್ಲಿ ಮಾರಿದ ಪ್ರತಿ ಯಂತ್ರಕ್ಕೆ 5 ಡಾಲರ್ ಸಲ್ಲುತ್ತಿತ್ತು. 1860ರಲ್ಲಿ ಈ ಶುಲ್ಕ 7 ಡಾಲರಿಗೆ ಇಳಿಯಿತು. 1877ರಲ್ಲಿ ಕೊನೆಯ ಮುಖ್ಯ ಪೇಟೆಂಟಿನ ಅವಧಿ ಮುಗಿದು ಒಕ್ಕೂಟ ಕರಗಿತು, ಯಾರು ಬೇಕಾದರೂ ಯಂತ್ರ ತಯಾರಿಸಬಹುದು ಎಂದಾಯಿತು, ಬೆಲೆಗಳು ಕುಸಿದವು. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಅಮೆರಿಕದ ಅಂಚೆ ಮಾರಾಟದ ಕಂಪನಿಗಳು ತಮ್ಮ ಪಟ್ಟಿಗಳಲ್ಲಿ ಕಾಲಿನಿಂದ ತುಳಿಯುವ ಯಂತ್ರಗಳನ್ನು 10ರಿಂದ 20 ಡಾಲರಿಗೆ ಕೊಡುತ್ತಿದ್ದವು. ಅರ್ಧ ಶತಮಾನದ ಹಿಂದೆ ವರ್ಷದ ಆದಾಯದ ಕಾಲುಪಾಲು ನುಂಗುತ್ತಿದ್ದ ವಸ್ತು ಕೆಲವು ವಾರಗಳ ಕೂಲಿಗೆ ಬಂದು ನಿಂತಿತ್ತು.

ಆದರೂ ಆ ಮೊದಲ ದುಬಾರಿ ಕಾಲದಲ್ಲಿ ಜನ ಅದಕ್ಕಾಗಿ ಹಾತೊರೆದದ್ದರ ಅರ್ಥ ತಿಳಿಯಬೇಕಾದರೆ ವೀಲರ್ ಅಂಡ್ ವಿಲ್ಸನ್ ಕಂಪನಿ 1860ರ ಸುಮಾರಿಗೆ ಪ್ರಕಟಿಸಿದ ಒಂದು ಲೆಕ್ಕ ನೋಡಬೇಕು. ಗಂಡಸರ ಒಂದು ಅಂಗಿಯನ್ನು ಕೈಯಲ್ಲಿ ಹೊಲಿಯಲು 14 ಗಂಟೆ 26 ನಿಮಿಷ, ಯಂತ್ರದಲ್ಲಿ 1 ಗಂಟೆ 16 ನಿಮಿಷ. ಮಾರುವವರೇ ಕೊಟ್ಟ ಲೆಕ್ಕವೆಂದು ಸ್ವಲ್ಪ ತಗ್ಗಿಸಿಕೊಂಡರೂ, ದೀಪದ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಮನೆಮಂದಿಯ ಬಟ್ಟೆಗಳನ್ನು ಹೊಲಿಯುತ್ತಿದ್ದ ಹೆಂಗಸಿಗೆ ಉಳಿದ ಆ ಹದಿಮೂರು ಗಂಟೆಗಳನ್ನು ಡಾಲರಿನಲ್ಲಾಗಲಿ ರೂಪಾಯಿಯಲ್ಲಾಗಲಿ ಬರೆಯುವುದು ಕಷ್ಟ.

ಪ್ರಶ್ನೆ: ನಮ್ಮ ಅಜ್ಜಿ 1930ರ ದಶಕದಲ್ಲಿ ಕಂತಿನ ಮೇಲೆ ಸಿಂಗರ್ ಕೊಂಡರಂತೆ. ತಿಂಗಳು ತಿಂಗಳು ಒಬ್ಬರು ಬಂದು ಹಣ ತೆಗೆದುಕೊಂಡು ಚೀಟಿ ಹರಿದು ಕೊಡುತ್ತಿದ್ದರೆಂದು ಅಮ್ಮ ಹೇಳುತ್ತಾರೆ. ಆ ಕಾಲದಲ್ಲೇ ಕಂತಿನ ಪದ್ಧತಿ ಇತ್ತೇ? (ಓದುಗರು, ರಾಜಾಜಿನಗರ)

ಉತ್ತರ: ಇತ್ತು. ಮನೆಬಳಕೆಯ ವಸ್ತುಗಳನ್ನು ಕಂತಿನ ಮೇಲೆ ಕೊಡುವ ಪದ್ಧತಿಯನ್ನು ಜಗತ್ತಿನಾದ್ಯಂತ ಮನೆಮನೆಗೆ ಮುಟ್ಟಿಸಿದವುಗಳಲ್ಲಿ ಹೊಲಿಗೆ ಯಂತ್ರವೇ ಮೊದಲ ಸಾಲಿನದು. ಸಿಂಗರನ ಪಾಲುದಾರನಾಗಿದ್ದ ಎಡ್ವರ್ಡ್ ಕ್ಲಾರ್ಕ್ ಎಂಬ ವಕೀಲ 1856ರಲ್ಲಿ ಇದನ್ನು ಆರಂಭಿಸಿದ. ಮೊದಲಿಗೆ 5 ಡಾಲರ್ ಕೊಟ್ಟು ಯಂತ್ರವನ್ನು ಮನೆಗೆ ಒಯ್ಯಬಹುದಿತ್ತು, ಉಳಿದದ್ದನ್ನು ತಿಂಗಳಿಗೆ ಮೂರೋ ಐದೋ ಡಾಲರಿನಂತೆ ಬಡ್ಡಿ ಸೇರಿಸಿ ತೀರಿಸಬೇಕಿತ್ತು. ಕೊನೆಯ ಕಂತು ಮುಟ್ಟುವವರೆಗೂ ಯಂತ್ರ ಕಂಪನಿಯದ್ದೇ, ಕೊಂಡವರು ಬಾಡಿಗೆದಾರರು ಮಾತ್ರ. ಕಂತು ತಪ್ಪಿದರೆ ಯಂತ್ರವನ್ನು ಹಿಂದಕ್ಕೆ ಒಯ್ಯುವ ಹಕ್ಕು ಕಂಪನಿಗಿತ್ತು. 1855ರಲ್ಲಿ 883 ಯಂತ್ರ ಮಾರಿದ್ದ ಸಿಂಗರ್ 1856ರಲ್ಲಿ 2,564 ಯಂತ್ರ ಮಾರಿತು. ಇಪ್ಪತ್ತು ವರ್ಷದ ಮೇಲೆ, 1876ರಲ್ಲಿ, ಈ ಸಂಖ್ಯೆ 2,62,316ಕ್ಕೆ ಮುಟ್ಟಿತು.

ಭಾರತದಲ್ಲಿ ಸಿಂಗರ್ ವ್ಯಾಪಾರ ಬೇರೂರಿದ್ದು 1870ರ ದಶಕದಿಂದ ಈಚೆಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿನ ವ್ಯವಹಾರವನ್ನು ನಸ್ಸರ್ವಾನ್ಜಿ ಮೇರ್ವಾನ್ಜಿ ಪಟೇಲ್ ಎಂಬ ಪಾರ್ಸಿ ಗೃಹಸ್ಥರು ನಡೆಸುತ್ತಿದ್ದರು. ಇಲ್ಲಿಯೂ ಕಂತಿನ ಪದ್ಧತಿಯೇ ವ್ಯಾಪಾರದ ಬೆನ್ನೆಲುಬಾಗಿತ್ತು. ನಿಮ್ಮ ಅಮ್ಮ ನೆನಪಿಸಿಕೊಳ್ಳುವ ಆ ವಸೂಲಿಯವರು ಕಂಪನಿಯ ಕಡೆಯವರು. ಕಂತು ವಸೂಲಿ ಮಾಡುವುದರ ಜೊತೆಗೆ ಯಂತ್ರ ಕೆಟ್ಟರೆ ನೋಡಿಕೊಳ್ಳುವುದು, ಸೂಜಿ, ಎಣ್ಣೆ ಕೊಡುವುದು ಈ ವ್ಯಾಪಾರದ ಭಾಗವೇ ಆಗಿತ್ತು.

ಆದ್ದರಿಂದ ನಿಮ್ಮ ಅಜ್ಜಿಯ ಯಂತ್ರದ ಬೆಲೆ ಎಷ್ಟು ಎಂದು ಕೇಳುವಾಗ ನಗದು ಬೆಲೆಯನ್ನು ಮಾತ್ರ ಹಿಡಿಯಬೇಡಿ. ಕಂತಿನಲ್ಲಿ ಕೊಟ್ಟದ್ದೆಲ್ಲ ಸೇರಿದರೆ ಅದು ನಗದು ಬೆಲೆಗಿಂತ ಹೆಚ್ಚೇ ಆಗಿರುತ್ತದೆ. ಒಂದೇ ಮಾದರಿಯ ಯಂತ್ರಕ್ಕೆ ಎರಡು ಮನೆಗಳಲ್ಲಿ ಎರಡು ಬೆಲೆ ಹೇಳುವುದನ್ನು ನೀವು ಕೇಳಿರಬಹುದು, ಅದರಲ್ಲಿ ಯಾರದೂ ತಪ್ಪಿಲ್ಲದಿರಬಹುದು. ಒಬ್ಬರು ಹಣವನ್ನು ಒಮ್ಮೆಗೇ ಎಣಿಸಿದವರು, ಇನ್ನೊಬ್ಬರು ತಿಂಗಳು ತಿಂಗಳು ತೀರಿಸಿದವರು. ಆ ಚೀಟಿಗಳು ಉಳಿದಿದ್ದರೆ ಎಲ್ಲವನ್ನೂ ಕೂಡಿಸಿ ನೋಡಿ. ಹದಿನಾರು ಆಣೆಗೆ ಒಂದು ರೂಪಾಯಿ, ಹನ್ನೆರಡು ಪೈಗೆ ಒಂದು ಆಣೆ ಎಂಬುದು ನೆನಪಿರಲಿ. 1927ರ ನಂತರ ರೂಪಾಯಿಯ ದರ ಒಂದು ಶಿಲಿಂಗ್ ಆರು ಪೆನ್ಸ್ ಆದದ್ದರಿಂದ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ ಬರುತ್ತದೆ. ಮಲ್ಲೇಶ್ವರದ ಓದುಗರಿಗೆ ಹೇಳಿದ ಹದಿನೈದು ರೂಪಾಯಿಯ ಲೆಕ್ಕ ನಿಮ್ಮ ಚೀಟಿಗಳಿಗೆ ಹೊಂದುವುದಿಲ್ಲ.

ಗಾಂಧೀಜಿಯವರು 1924ರಲ್ಲಿ ಯಂತ್ರಗಳ ಕುರಿತ ಸಂವಾದವೊಂದರಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ತಮ್ಮ ಆಕ್ಷೇಪಣೆಯಿಂದ ಹೊರಗಿಟ್ಟು, ಮನುಷ್ಯ ಕಂಡುಹಿಡಿದ ಕೆಲವೇ ಉಪಯುಕ್ತ ವಸ್ತುಗಳಲ್ಲಿ ಇದೂ ಒಂದು ಎಂಬ ಅಭಿಪ್ರಾಯ ಕೊಟ್ಟಿದ್ದರು. ಇಂಥ ಯಂತ್ರ ತಯಾರಿಸುವ ಕಾರ್ಖಾನೆಗಳು ರಾಷ್ಟ್ರದ ಸ್ವತ್ತಾಗಬೇಕೆಂದೂ ಅವರು ಅದರೊಂದಿಗೇ ಹೇಳಿದ್ದರು. ತಿಂಗಳ ಖರ್ಚಿನಲ್ಲಿ ಉಳಿಸಿ ಉಳಿಸಿ ಕಂತು ಕಟ್ಟಿದ ನಿಮ್ಮ ಅಜ್ಜಿಯಂಥವರನ್ನು ನೆನೆದಾಗ ಆ ಮಾತು ನನಗೆ ಹೆಚ್ಚು ಅರ್ಥವಾಗುತ್ತದೆ.

ಪ್ರಶ್ನೆ: ಹಳೆಯ ಸಿಂಗರ್ ಯಂತ್ರದಲ್ಲಿ ಏನೋ ‘ಕೆಂಪು ಪಾದರಸ’ ಇರುತ್ತದೆ, ಹತ್ತಾರು ಲಕ್ಷ ಕೊಡುತ್ತಾರೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಪರೀಕ್ಷೆಗೆಂದು ಮುಂಗಡ ಹಣವನ್ನೂ ಕೇಳುತ್ತಿದ್ದಾರೆ. ನಿಜವೇ? (ಓದುಗರು, ಶಿವಾಜಿನಗರ)

ಉತ್ತರ: ಸುಳ್ಳು. ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ವದಂತಿ ಹಬ್ಬಿ, ಹಳೆಯ ಸಿಂಗರ್ ಯಂತ್ರಗಳಿಗೆ ಎರಡು ಲಕ್ಷ ರಿಯಾಲ್‌ವರೆಗೂ ಬೆಲೆ ಕೇಳಿದ್ದುಂಟು. ಸೂಜಿಯ ಬಳಿ ಮೊಬೈಲ್ ಹಿಡಿದರೆ ಕರೆ ಕಡಿದುಹೋಗುತ್ತದೆ, ಹಾಗಾದರೆ ಒಳಗೆ ಆ ವಸ್ತು ಇದೆ ಎಂಬ ‘ಪರೀಕ್ಷೆ’ಯೂ ಅಲ್ಲಿ ನಡೆದಿತ್ತು. ಅಲ್ಲಿನ ಪೊಲೀಸರು ಇದು ಮೋಸವೆಂದು ಜನರನ್ನು ಎಚ್ಚರಿಸಬೇಕಾಯಿತು. ಹೊಲಿಗೆ ಯಂತ್ರದ ಒಳಗೆ ಇರುವುದು ಎರಕದ ಕಬ್ಬಿಣ, ಉಕ್ಕು ಮತ್ತು ಎಣ್ಣೆ. ಮುಂಗಡ ಕೇಳಿದವರ ವಿಷಯವನ್ನು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ.

ಪ್ರಶ್ನೆ: ನಮ್ಮ ಯಂತ್ರ ಯಾವ ವರ್ಷದ್ದು ಎಂದು ತಿಳಿಯುವುದು ಹೇಗೆ? ರಸೀದಿಯಲ್ಲಿ ತಾರೀಖು ಅಳಿಸಿಹೋಗಿದೆ. (ಓದುಗರು, ಬಸವನಗುಡಿ)

ಉತ್ತರ: ಸಿಂಗರ್ ಆಗಿದ್ದರೆ ಅದರ ತಳಹಲಗೆಯ ಮೇಲೆ ಒತ್ತಿರುವ ಸಂಖ್ಯೆಯನ್ನು ನೋಡಿ. ಬರೇ ಅಂಕಿಗಳಿದ್ದರೆ ಅದು 1900ಕ್ಕಿಂತ ಹಿಂದಿನದು. ಅಲ್ಲಿಂದ ಮುಂದೆ ಅಂಕಿಗಳಿಗೆ ಮೊದಲು ಅಕ್ಷರ ಸೇರಿತು. ‘ಜಿ’ ಅಕ್ಷರವಿದ್ದರೆ ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆ. ‘ವೈ’ ಇದ್ದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆ, ಸುಮಾರು 1921ರಿಂದ 1935ರ ನಡುವಿನದು. ‘ಇ’ಯಿಂದ ಆರಂಭವಾಗುವ ಎರಡು ಅಕ್ಷರಗಳಿದ್ದರೆ ಅದೇ ಕಾರ್ಖಾನೆಯ ನಂತರದ ಯಂತ್ರ. ಆದರೆ ಆ ಸಂಖ್ಯೆ ಹೇಳುವುದು ಕಾರ್ಖಾನೆಯಲ್ಲಿ ಅದನ್ನು ಹಂಚಿದ ಕಾಲವನ್ನು, ನಿಮ್ಮ ಮನೆಗೆ ಬಂದ ಕಾಲವನ್ನಲ್ಲ. ಹಡಗಿನಲ್ಲಿ ಬಂದು ಅಂಗಡಿಯಲ್ಲಿ ಕುಳಿತು ಮಾರಾಟವಾಗುವ ಹೊತ್ತಿಗೆ ವರ್ಷ ಕಳೆದಿರಬಹುದು.

ರಸೀದಿಯ ತಾರೀಖು ಅಳಿಸಿದ್ದರೂ ಮೊತ್ತ ಉಳಿದಿದ್ದರೆ ಅದೂ ಸಾಕ್ಷಿಯೇ. ಆಣೆ ಪೈಗಳಲ್ಲಿ ಬರೆದಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದೆಂದು ಬಹುಮಟ್ಟಿಗೆ ಹೇಳಬಹುದು, ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು.

ಪ್ರಶ್ನೆ: ಅಮ್ಮನ ಕಾಲಿನಿಂದ ತುಳಿಯುವ ಹಳೆಯ ಯಂತ್ರವನ್ನು ಆ್ಯಂಟಿಕ್ ಎಂದು ಮಾರಲು ಹೋದರೆ ಗುಜರಿಯವರು ಕಬ್ಬಿಣದ ತೂಕಕ್ಕೆ ಕೇಳುತ್ತಾರೆ. ಅಂದು ಅಷ್ಟು ಬೆಲೆಬಾಳಿದ್ದು ಇಂದು ಇಷ್ಟೇ ಏಕೆ? ಮಾರಲೇ, ಇಟ್ಟುಕೊಳ್ಳಲೇ? (ಓದುಗರು, ವಿಜಯನಗರ)

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಹಳೆಯದೆಲ್ಲ ಅಪರೂಪವಲ್ಲ. 1913ರ ಒಂದೇ ವರ್ಷದಲ್ಲಿ ಕ್ಲೈಡ್‌ಬ್ಯಾಂಕಿನ ಒಂದೇ ಕಾರ್ಖಾನೆಯಿಂದ 13 ಲಕ್ಷಕ್ಕೂ ಹೆಚ್ಚು ಯಂತ್ರಗಳು ಹೊರಬಂದವು. ಅವುಗಳನ್ನು ಎಷ್ಟು ಗಟ್ಟಿಯಾಗಿ ಮಾಡಿದ್ದರೆಂದರೆ ಬಹಳಷ್ಟು ಇನ್ನೂ ಹಾಳಾಗಿಲ್ಲ. ನಿಜಕ್ಕೂ ಅಪರೂಪವಾದವು 1850ರ ದಶಕದ ಮೊದಲ ಯಂತ್ರಗಳು. ಅವು ಉಳಿಯದಂತೆ ಮಾಡಿದ್ದರಲ್ಲಿ ಕಂಪನಿಯ ಪಾಲೂ ಇದೆ. 1856ರಲ್ಲಿ ಕ್ಲಾರ್ಕ್ ಯಾವುದೇ ಕಂಪನಿಯ ಹಳೆಯ ಯಂತ್ರ ತಂದುಕೊಟ್ಟವರಿಗೆ ಹೊಸದರ ಬೆಲೆಯಲ್ಲಿ 50 ಡಾಲರ್ ಕಡಿಮೆ ಮಾಡಿದ, ಹಾಗೆ ಬಂದ ಹಳೆಯವುಗಳನ್ನು ಮತ್ತೆ ಪೇಟೆಗೆ ಬಿಡದೆ ಒಡೆದುಹಾಕಿಸಿದ.

ನಮ್ಮಲ್ಲಿ ಇನ್ನೊಂದು ಕಾರಣವೂ ಸೇರಿತು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಆರಂಭವಾಗಿ ಲಾಲಾ ಶ್ರೀರಾಮ್ ಅವರ ಕೈಯಲ್ಲಿ ಬೆಳೆದ ಜಯ್ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಯಂತ್ರಗಳನ್ನು ದೇಶದಲ್ಲೇ ತಯಾರಿಸಿತು, ಲೂಧಿಯಾನದ ತಯಾರಕರೂ ಬಂದರು. ಅಂಥ ಯಂತ್ರಗಳಲ್ಲಿ ಹಲವು ಸಿಂಗರಿನ 15ನೇ ಮಾದರಿಯ ಅಚ್ಚಿನಲ್ಲೇ ಇವೆ. ನೋಡಲು ಒಂದೇ ಥರ ಇರುವ ಕಪ್ಪು ಯಂತ್ರಗಳು ಮನೆಮನೆಯಲ್ಲೂ ಇರುವಾಗ ಗುಜರಿಯವರು ತೂಕ ನೋಡುವುದರಲ್ಲಿ ಆಶ್ಚರ್ಯವಿಲ್ಲ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಾಗಲಿ, ಅಲಂಕಾರಕ್ಕೆ ಕೊಳ್ಳುವವರಲ್ಲಾಗಲಿ ನೀವು ಸ್ವಲ್ಪ ಹೆಚ್ಚು ಕೇಳಬಹುದು. ಅವರಲ್ಲಿ ಕೆಲವರಿಗೆ ಬೇಕಾಗಿರುವುದು ಮೇಜು ಮಾಡಿಕೊಳ್ಳಲು ಕೆಳಗಿನ ಎರಕದ ಕಾಲುಗಳು ಮಾತ್ರ, ತಲೆಯನ್ನು ಬಿಚ್ಚಿ ಬದಿಗಿಡುತ್ತಾರೆ. ನನಗೆ ಅದು ಒಪ್ಪುವುದಿಲ್ಲ, ಆದರೂ ಮಾರುವ ಹಕ್ಕು ನಿಮ್ಮದು.

ನನ್ನ ಸಲಹೆ ಕೇಳುವುದಾದರೆ, ಮೊದಲು ಅದು ಹೊಲಿಯುತ್ತದೆಯೇ ನೋಡಿ. ನಿಮ್ಮದು 15ನೇ ಮಾದರಿಯದ್ದಾದರೆ ಅದರ ಸೂಜಿ, ಬಾಬಿನ್ ಎರಡೂ ಚಿಕ್ಕಪೇಟೆಯ ಸುತ್ತಮುತ್ತಲಿನ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತವೆ. ಬೆಲ್ಟು ಬದಲಿಸಿ, ರಂಧ್ರಗಳಿಗೆಲ್ಲ ಯಂತ್ರದ ಎಣ್ಣೆ ಬಿಟ್ಟು ಒಂದು ದಿನ ಹಾಗೇ ಇಡಿ. ಕೊಬ್ಬರಿ ಎಣ್ಣೆ ಬೇಡ, ಅದು ಒಳಗೆ ಗಟ್ಟಿಯಾಗುತ್ತದೆ. ಅದು ತಿರುಗತೊಡಗಿದರೆ ದಪ್ಪ ಬಟ್ಟೆಯನ್ನೂ ಹೊಲಿಯುವ ಯಂತ್ರವೊಂದು ನಿಮ್ಮ ಮನೆಯಲ್ಲಿದೆ ಎಂದಾಯಿತು. ಇಂಥದನ್ನು ಹೊಸದಾಗಿ ಕೊಳ್ಳಲು ಹೋದರೆ ತೂಕದ ಬೆಲೆಗೆ ಯಾರೂ ಕೊಡುವುದಿಲ್ಲ. ದೋಣಿಯಾಕಾರದ ಉದ್ದನೆಯ ಶಟಲ್ ಇರುವ ಹಳೆಯ ಮಾದರಿಯಾದರೆ ಆ ಶಟಲನ್ನು ಜೋಪಾನ ಮಾಡಿ, ಅದು ಕಳೆದರೆ ಇಡೀ ಯಂತ್ರ ಕೂತುಬಿಡುತ್ತದೆ.

ಮಾರುವುದೇ ಆದರೆ ಕೊಡುವ ಮುನ್ನ ಪಕ್ಕದ ಸಣ್ಣ ಡ್ರಾಯರುಗಳನ್ನು ಪೂರ್ತಿ ಹೊರಗೆಳೆದು, ಅವುಗಳ ಹಿಂದಿನ ಸಂದಿನಲ್ಲೂ ಕೈಯಾಡಿಸಿ. ಕಂತಿನ ಚೀಟಿಗಳನ್ನು, ಯಂತ್ರದೊಂದಿಗೆ ಬಂದ ಪುಸ್ತಿಕೆಯನ್ನು, ರಸೀದಿಯನ್ನು ಅಮ್ಮಂದಿರು ಸಾಮಾನ್ಯವಾಗಿ ಇಡುತ್ತಿದ್ದದ್ದು ಅಲ್ಲೇ.